ನಾವು ನೆಡದ ತೋಟ

  ಎಲ್ಲರೂ ಕೂತ್ಕೊಳ್ಳಿ. ಹಿಂದೆ ನಿಂತಿರೋ ತಮ್ಮಂದಿರು ಮುಂದೆ ಬನ್ನಿ, ಕುರ್ಚಿ ಖಾಲಿ ಇವೆ.

ಇವತ್ತಿನ ವಾಕ್ಯಭಾಗ ಆದಿಕಾಂಡ ಎರಡನೇ ಅಧ್ಯಾಯ. ನಿಮಗೆಲ್ಲ ಗೊತ್ತಿರೋ ಭಾಗವೇ. ಆದರೆ ಅದಕ್ಕೆ ಮುಂಚೆ ನಮ್ಮ ಮನೆಯ ಹೂದೋಟದ ವಿಷಯ ಹೇಳ್ಬೇಕು. ಇದರಲ್ಲಿ ಒಂದು ಸಾಕ್ಷಿಯೂ ಇದೆ, ಒಂದು ತಪ್ಪೊಪ್ಪಿಗೆಯೂ ಇದೆ. ಪಾಸ್ಟರ್ ತಪ್ಪೊಪ್ಪಿಗೆ ಅಂದ ತಕ್ಷಣ ಎಲ್ಲರೂ ಫೋನ್ ಕೆಳಗಿಟ್ಟಿರಿ, ನೋಡ್ತಾ ಇದ್ದೀನಿ.

ಒಂದೂವರೆ ವರ್ಷದ ಹಿಂದೆ, ಡಿಸೆಂಬರ್ ತಿಂಗಳಲ್ಲಿ ನಾವು ಮನೆ ಬದಲಾಯಿಸಿದೆವು. ಅದಕ್ಕೆ ಮುಂಚೆ ಹನ್ನೊಂದು ವರ್ಷ ಮೂರನೇ ಮಹಡಿಯಲ್ಲಿದ್ದೆವು. ಅಲ್ಲಿ ನಮ್ಮ ತೋಟ ಅಂದ್ರೆ ಬಾಲ್ಕನಿಯಲ್ಲಿ ಪೇಂಟ್ ಡಬ್ಬದಲ್ಲಿದ್ದ ಒಂದು ಗುಲಾಬಿ. ಅದೂ ವರ್ಷಕ್ಕೊಂದು ಹೂ ಬಿಟ್ಟು ನಮ್ಮ ಮೇಲೆ ಉಪಕಾರ ಮಾಡ್ತಿತ್ತು. ಹೊಸ ಬಾಡಿಗೆ ಮನೆ ಲಿಂಗರಾಜಪುರದಲ್ಲಿ, ಒಂದು ಹಳೇ ಒಂಟಿ ಮನೆ. ಕೆಂಪು ನೆಲ, ಮುಂದೆ ಕಬ್ಬಿಣದ ಗೇಟು, ಗೇಟಿನಿಂದ ಬಾಗಿಲವರೆಗೆ ಎರಡೂ ಕಡೆ ಮಣ್ಣು. ಬೆಂಗಳೂರಿನಲ್ಲಿ ಮಣ್ಣಿರೋ ಮನೆ ಸಿಗೋದು ಅಂದ್ರೆ ಏನು ಅಂತ ಬಾಡಿಗೆಗೆ ಮನೆ ಹುಡುಕಿದವರಿಗೆ ಗೊತ್ತು. ನನ್ನ ಹೆಂಡತಿ ಅಡುಗೆಮನೆ ನೋಡೋಕೆ ಮುಂಚೆನೇ ಆ ಮಣ್ಣು ನೋಡಿ "ಇದೇ ಮನೆ ಆಗಲಿ" ಅಂದಳು.

ಆ ಮನೆಯಲ್ಲಿ ಮೊದಲು ಒಬ್ಬ ಅಮ್ಮ ಇದ್ದರು, ಎಪ್ಪತ್ತು ದಾಟಿದವರು. ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ಇರೋದು ಬೇಡ ಅಂತ ಮಗ ತನ್ನ ಫ್ಲ್ಯಾಟಿಗೆ ಕರ್ಕೊಂಡು ಹೋದ. ಮನೆ ಬಾಡಿಗೆಗೆ ಬಂತು. ಬೀಗದ ಕೈ ಕೊಡುವಾಗ ಅಮ್ಮ ಹೇಳಿದ್ದು ಇಷ್ಟೇ: "ಗಿಡಕ್ಕೆ ನೀರು ಹಾಕ್ತಾ ಇರಿ ಸ್ವಾಮಿ. ಒಂದು ವರ್ಷದಿಂದ ನನ್ನ ಕೈಲಿ ಆಗಿಲ್ಲ."

ನಿಜ, ಆಗಿರಲಿಲ್ಲ. ತೋಟ ಕಾಡಾಗಿತ್ತು. ದಾಸವಾಳದ ತುದಿಗಳಿಗೆಲ್ಲ ಹತ್ತಿ ಅಂಟಿಸಿದ ಹಾಗೆ ಹಿಟ್ಟು ತಿಗಣೆ. ದುಂಡು ಮಲ್ಲಿಗೆಯ ಪೊದೆ ಒಣಕಡ್ಡಿಗಳ ಗೂಡು. ಗುಲಾಬಿಯ ಬುಡದಿಂದ ಕಾಡುಚಿಗುರು ಎದ್ದು ಕಸಿಯ ಕೊಂಬೆಯನ್ನೇ ನುಂಗಿತ್ತು. ಗೋಡೆ ಪಕ್ಕ ಎಲ್ಲ ಪಾರ್ಥೇನಿಯಂ. ನಮ್ಮ ಕಡೆ ಕಾಂಗ್ರೆಸ್ ಗಿಡ ಅಂತಾರಲ್ಲ, ಅದು ಸೊಂಟದೆತ್ತರ ಬೆಳೆದಿತ್ತು.

ಪ್ರಿಯರೇ, ಆ ಜನವರಿ ತಿಂಗಳು ನನ್ನ ಜೀವನದ ಅತ್ಯಂತ ಸಂತೋಷದ ತಿಂಗಳುಗಳಲ್ಲಿ ಒಂದು. ಬೆಳಗ್ಗೆ ಐದೂವರೆಗೆ ಪ್ರಾರ್ಥನೆ ಮುಗಿಸಿ, ಲುಂಗಿ ಎತ್ತಿಕಟ್ಟಿ ಗುದ್ದಲಿ ಹಿಡಿದರೆ ಎಂಟು ಗಂಟೆ ಆಗಿದ್ದೇ ಗೊತ್ತಾಗ್ತಿರಲಿಲ್ಲ. ಬೆಂಗಳೂರಿನ ಕೆಂಪು ಮಣ್ಣು ಬಿಸಿಲಿಗೆ ಇಟ್ಟಿಗೆಯಾಗಿರತ್ತೆ. ರಾತ್ರಿ ನೀರು ಬಿಟ್ಟು ನೆನೆಸಿ, ಬೆಳಗ್ಗೆ ಅಗೆದು, ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಬೆರೆಸಿ, ಪ್ರತಿ ಗಿಡಕ್ಕೂ ಪಾತಿ ಮಾಡಿದೆ. ಮಲ್ಲಿಗೆಯನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದೆ. ದಾಸವಾಳಕ್ಕೆ ಬೇವಿನೆಣ್ಣೆ, ಸೋಪಿನ ನೀರು ಕಲಸಿ ಎಲೆಯ ಅಡಿಭಾಗಕ್ಕೆ ಹೊಡೆದೆ. ವಾರಕ್ಕೊಂದು ಸಲದ ಹಾಗೆ ನಾಲ್ಕು ವಾರ. ಫೆಬ್ರವರಿ ಕೊನೆಗೆ ಮಲ್ಲಿಗೆಯ ಒಣಕಡ್ಡಿ ಅಂತ ನಾನು ಅಂದ್ಕೊಂಡಿದ್ದ ಕಡೆಯಿಂದೆಲ್ಲ ಹಸಿರು ಚಿಗುರು. ಮಾರ್ಚ್‌ನಲ್ಲಿ ಮೊಗ್ಗು. ಒಂದು ಸಂಜೆ ಯೂತ್ ಮೀಟಿಂಗ್ ಮುಗಿಸಿ ಗೇಟು ತೆಗೆದರೆ, ಕತ್ತಲಲ್ಲಿ ಗಿಡ ಕಾಣಿಸ್ತಿಲ್ಲ, ವಾಸನೆ ಮಾತ್ರ ಬರ್ತಿದೆ. ಗೇಟಿನ ಹತ್ತಿರವೇ ನಿಂತು ಸ್ತೋತ್ರ ಮಾಡಿದೆ.

ಈ ಸಂತೋಷ ಎಂಥದ್ದು ಅಂತ ಆಮೇಲೆ ಯೋಚಿಸಿದ್ದೀನಿ. ಖಾಲಿ ಜಾಗದಲ್ಲಿ ಹೊಸ ಗಿಡ ಹಾಕಿದಾಗ ಆಗೋ ಸಂತೋಷ ಒಂದು. ಸತ್ತಿದೆ ಅಂದ್ಕೊಂಡಿದ್ದು ಬದುಕಿದೆ ಅಂತ ಗೊತ್ತಾದಾಗ ಆಗೋ ಸಂತೋಷ ಇನ್ನೊಂದು. ಎರಡನೆಯದು ಹೆಚ್ಚು ಆಳ. ಕಳೆದುಹೋದ ಕುರಿ, ಕಳೆದುಹೋದ ನಾಣ್ಯ, ಕಳೆದುಹೋದ ಮಗ, ಈ ಮೂರೂ ಕಥೆಗಳಲ್ಲಿ ಕರ್ತನು ಹೇಳೋ ಸಂತೋಷ ಆ ಎರಡನೇ ಜಾತಿಯದು.

ಈಗ ತಪ್ಪೊಪ್ಪಿಗೆಗೆ ಬರ್ತೀನಿ.

ತೋಟದ ಕೆಲಸಕ್ಕೆ ನಮ್ಮ ಸಭೆಯ ಇಬ್ಬರು ತಮ್ಮಂದಿರು ಸಹಾಯಕ್ಕೆ ಬರ್ತಿದ್ದರು. ಅವರಲ್ಲಿ ಒಬ್ಬ ದಾಸವಾಳ ತೋರಿಸಿ, "ಪಾಸ್ಟರ್, ಇದು ಆ ಅಮ್ಮ ಪೂಜೆಗೆ ಅಂತ ಹಾಕಿದ ಗಿಡ. ಕಿತ್ತುಬಿಡೋಣವಾ?" ಅಂದ. ಅವನ ಹೃದಯದಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಹೊಸ ವಿಶ್ವಾಸಿ, ಉರಿಯೋ ವಯಸ್ಸು. ನಾನು ಹೇಳಿದೆ, "ತಮ್ಮಾ, ಈ ಗಿಡಕ್ಕೆ ಇಷ್ಟು ವರ್ಷ ಮಳೆ ಬಿಸಿಲು ಕೊಟ್ಟೋನು ಯಾರು? ಯಾರು ಹೂ ಕಿತ್ತರು ಅಂತ ನೋಡಿ ದಾಸವಾಳ ಹುಟ್ಟತ್ತಾ? ಸೃಷ್ಟಿ ಮಾಡಿದಾತನು ಒಳ್ಳೇದು ಅಂದದ್ದನ್ನ ನೀನು ಕೀಳ್ತೀಯಾ?" ಅವನು ಸುಮ್ಮನಾದ. ನನಗೆ ನನ್ನ ಉತ್ತರದ ಮೇಲೆ ಸ್ವಲ್ಪ ಹೆಮ್ಮೆ ಕೂಡ ಆಯ್ತು. ಭಾನುವಾರದ ಪ್ರಸಂಗಕ್ಕೆ ಆಗತ್ತೆ ಅಂತ ಮನಸ್ಸಲ್ಲೇ ಬರ್ಕೊಂಡೆ.

ಅದೇ ವಾರ ನಾನು ಮಾಡಿದ್ದು ಕೇಳಿ. ತೋಟದ ಎಡಮೂಲೆಯಲ್ಲಿ, ಕಾಂಪೌಂಡ್ ಗೋಡೆ ಬುಡದಲ್ಲಿ, ಒಂದು ಮಂಚದಷ್ಟು ಜಾಗ ಖಾಲಿ ಇತ್ತು. ಸುತ್ತ ಇಟ್ಟಿಗೆ ಓರೆಯಾಗಿ ನೆಟ್ಟಿದ್ದರು. ಒಳಗೆ ಏನೂ ಇಲ್ಲ, ನಾಲ್ಕು ಒಣ ಎಲೆ. ಅಲ್ಲಿ ಕಲ್ಲು ಹಾಸಿ ಎರಡು ಬೆಂಚ್ ಹಾಕಿದರೆ ಸೆಲ್ ಗ್ರೂಪಿಗೆ ಆಗತ್ತೆ ಅಂತ ನನ್ನ ಪ್ಲ್ಯಾನ್. ಆಳು ಕರೆಸಿ ಅಗೆಸಿದೆ. ಒಂದು ಅಡಿ ಕೆಳಗೆ ಹೋಗೋಕೆ ಮುಂಚೆನೇ ಈರುಳ್ಳಿ ಥರ ಗೆಡ್ಡೆಗಳು ಬಂದವು. ಬಾಣಲಿ ಬಾಣಲಿ ಗೆಡ್ಡೆ. "ಕಾಡೀರುಳ್ಳಿ ಇರ್ಬೇಕು ಸಾರ್" ಅಂದ ಅವನು. ನಾನು ಬಗ್ಗಿಯೂ ನೋಡಲಿಲ್ಲ. "ಹಾಕ್ಬಿಡಿ" ಅಂದೆ. ಸಿಮೆಂಟ್ ಚೀಲದಲ್ಲಿ ತುಂಬಿ ಡೆಬ್ರಿ ಜೊತೆ ಕಳಿಸಿದೆವು. ಎರಡು ದಿನದಲ್ಲಿ ಕಲ್ಲು ಹಾಸಿ ಆಯ್ತು, ಬೆಂಚ್ ಬಂತು, ನಿಮ್ಮಲ್ಲಿ ಕೆಲವರು ಅಲ್ಲಿ ಕೂತು ಟೀ ಕುಡಿದಿದ್ದೀರಿ.

ಮೇ ತಿಂಗಳು ಬಂತು. ಎರಡು ಮೂರು ಸಂಜೆ ಗುಡುಗು ಸಹಿತ ಮಳೆ ಬಿತ್ತು. ಒಂದು ಬೆಳಗ್ಗೆ ಆ ಅಮ್ಮ ಆಟೋದಲ್ಲಿ ಬಂದರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ, ನಮ್ಮ ಮಕ್ಕಳಿಗೆ ಅಂತ ರವೆ ಉಂಡೆ. ಗೇಟಿನಿಂದ ಒಳಗೆ ಬಂದವರು ಮನೆ ಕಡೆ ತಿರುಗಲಿಲ್ಲ. ಮಲ್ಲಿಗೆ ನೋಡಲಿಲ್ಲ, ಚಿಗುರಿದ್ದ ದಾಸವಾಳ ನೋಡಲಿಲ್ಲ. ನೇರ ಎಡಮೂಲೆಗೆ ಹೋದರು. ಅಲ್ಲಿ ಕಲ್ಲು ಮತ್ತು ಬೆಂಚ್. ಅಮ್ಮ ಆ ಕಲ್ಲಿನ ಮೇಲೆ ಚಪ್ಪಲಿ ಬಿಟ್ಟು ನಿಂತರು. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಪರ್ವಾಗಿಲ್ಲ ಬಿಡಿ. ಈಗ ನೀವಿರೋ ಮನೆ" ಅಂದು ಡಬ್ಬಿ ಕೊಟ್ಟು, ಕಾಫಿ ಕೂಡ ಬೇಡ ಅಂತ ಅದೇ ಆಟೋದಲ್ಲಿ ಹೋದರು.

ನನಗೆ ಏನೂ ಅರ್ಥವಾಗಲಿಲ್ಲ. ಅರ್ಥ ಮಾಡಿಸಿದ್ದು ಎದುರು ಮನೆ ಆಂಟಿ. ಗೇಟಿನ ಹತ್ತಿರವೇ ನಿಂತು ನೋಡ್ತಿದ್ದರು. "ಲಿಲ್ಲಿ ನೋಡೋಕೆ ಬಂದಿದ್ರು ಪಾಪ" ಅಂದರು. ಫುಟ್‌ಬಾಲ್ ಲಿಲ್ಲಿ. ನೀವು ನೋಡಿರ್ತೀರಿ, ಹೆಸರು ಗೊತ್ತಿರಲ್ಲ ಅಷ್ಟೆ. ಆಫ್ರಿಕಾ ಮೂಲದ ಗಿಡ. ಚಳಿಗಾಲದಲ್ಲಿ ಎಲೆ ಪೂರ್ತಿ ಒಣಗಿ, ಗೆಡ್ಡೆ ಮಣ್ಣೊಳಗೆ ಮಲಗತ್ತೆ. ಮೇಲೆ ಏನೂ ಕಾಣಲ್ಲ. ಮೇ ತಿಂಗಳ ಮಳೆ ಬಿದ್ದ ಮೇಲೆ ಒಂದು ದಪ್ಪ ಕಡ್ಡಿ ಮೇಲೆ ಬಂದು, ಅದರ ತುದಿಯಲ್ಲಿ ಕೆಂಪು ಚೆಂಡಿನ ಹಾಗೆ ಹೂ ಅರಳತ್ತೆ. ಒಂದು ಗೆಡ್ಡೆಗೆ ವರ್ಷಕ್ಕೆ ಒಂದೇ ಚೆಂಡು. ಒಂದೆರಡು ವಾರ ಇರತ್ತೆ, ಮುಗೀತು, ಮತ್ತೆ ಮುಂದಿನ ಮೇ.

ಆ ಮನೆ ಕಟ್ಟಿದ ವರ್ಷ ಅಮ್ಮನ ಯಜಮಾನರು ಮೂರು ಗೆಡ್ಡೆ ತಂದು ಅಲ್ಲಿ ನೆಟ್ಟಿದ್ದರಂತೆ. ಅವೇ ಮರಿ ಹಾಕಿ ಹಾಕಿ ಆ ಮೂಲೆ ತುಂಬಿದವು. ಪ್ರತಿ ವರ್ಷ ಗಂಡ ಹೆಂಡತಿ ಇಬ್ಬರೂ ಹೂ ಎಣಿಸ್ತಿದ್ದರಂತೆ. ಯಜಮಾನರು ಹಾಸಿಗೆ ಹಿಡಿದ ಕೊನೇ ವರ್ಷ ಅಮ್ಮ ಒಬ್ಬರೇ ಎಣಿಸಿ ಒಳಗೆ ಹೋಗಿ ಹೇಳಿದರಂತೆ, 41 ಅಂತ. ಆಂಟಿ ಅಷ್ಟನ್ನು ಹೇಳಿ ಸುಮ್ಮನಾದರು. ನನ್ನ ಕೈಯಲ್ಲಿ ಆ ಸ್ಟೀಲ್ ಡಬ್ಬಿ ಹಾಗೇ ಇತ್ತು.

ದೇವರ ಮಕ್ಕಳೇ, ಇಲ್ಲಿ ಒಂದು ಪ್ರಶ್ನೆ ಇದೆ, ಅದನ್ನೇ ಇವತ್ತು ನಿಮ್ಮ ಮುಂದೆ ಇಡ್ತಿದ್ದೀನಿ. ಹೊಸದು ಮಾಡೋದು ಒಳ್ಳೇದು. ನಮ್ಮ ದೇವರು ಎಲ್ಲವನ್ನೂ ಹೊಸದು ಮಾಡೋ ದೇವರು. ಆದರೆ ಹೊಸದು ಮಾಡ್ತೀನಿ ಅಂತ ಬಂದವನಿಗೆ, ಮುಂಚೆ ಇದ್ದವರು ಪ್ರೀತಿಸಿದ್ದರ ಮೇಲೆ ಎಷ್ಟು ಹಕ್ಕಿದೆ? ಕಾನೂನಿನ ಪ್ರಕಾರ ಅಂತ ಕೇಳ್ತಿಲ್ಲ. ಅಗ್ರಿಮೆಂಟ್‌ನಲ್ಲಿ ಗೆಡ್ಡೆ ಬಗ್ಗೆ ಒಂದು ಸಾಲೂ ಇಲ್ಲ. ದೇವರ ಮುಂದೆ ಕೇಳ್ತಿದ್ದೀನಿ.

ಈಗ ಆದಿಕಾಂಡಕ್ಕೆ ಬನ್ನಿ. ಏದೆನ್ ತೋಟವನ್ನು ನೆಟ್ಟವರು ಯಾರು? ಆದಾಮ ಅಲ್ಲ. ದೇವರೇ ಮೊದಲು ತೋಟ ಮಾಡಿ, ಆಮೇಲೆ ಮನುಷ್ಯನನ್ನು ತಂದು ಅಲ್ಲಿ ಇಟ್ಟನು. ಅಂದ್ರೆ ಮನುಷ್ಯನ ಮೊದಲನೇ ಮನೆಯೇ ತಾನು ನೆಡದ ತೋಟ! ಭೂಮಿ ಮೇಲಿನ ಮೊದಲನೇ ಹೊಸಮನೆ ಪ್ರವೇಶ ಅದು. ಆ ಮನುಷ್ಯನಿಗೆ ದೇವರು ಕೊಟ್ಟ ಕೆಲಸ ಎರಡು. ಒಂದು, ಅದರಲ್ಲಿ ದುಡಿಯೋದು. ಇನ್ನೊಂದು, ಅದನ್ನು ಕಾಯೋದು. ಗಮನಿಸಿ. ದುಡಿಯೋದು ಅಂದ್ರೆ ಬದಲಾಯಿಸೋದು: ಅಗೆಯೋದು, ಕತ್ತರಿಸೋದು, ನೆಡೋದು. ಕಾಯೋದು ಅಂದ್ರೆ ಉಳಿಸೋದು. ಎರಡನ್ನೂ ಒಂದೇ ಉಸಿರಿನಲ್ಲಿ ಕೊಟ್ಟನು. ಬರೀ ಕಾಯೋನು ಇದ್ದರೆ ತೋಟ ಕಾಡಾಗತ್ತೆ, ನಾನು ಡಿಸೆಂಬರ್‌ನಲ್ಲಿ ನೋಡಿದ ಹಾಗೆ. ಬರೀ ದುಡಿಯೋನು ಇದ್ದರೆ ಕಲ್ಲು ಹಾಸ್ತಾನೆ, ಜನವರಿಯಲ್ಲಿ ನಾನು ಮಾಡಿದ ಹಾಗೆ.

ಸತ್ಯವೇದದಲ್ಲಿ ಇನ್ನೊಬ್ಬ ತೋಟ ಬದಲಾಯಿಸೋಕೆ ಹೊರಟವನಿದ್ದಾನೆ. ಒಂದನೇ ಅರಸುಗಳು 21. ಅರಸನಾದ ಅಹಾಬ. ಅರಮನೆ ಪಕ್ಕದಲ್ಲೇ ನಾಬೋತನ ದ್ರಾಕ್ಷಿತೋಟ. ಅಹಾಬನಿಗೆ ಅದು ಬೇಕು. ಯಾಕೆ? ಕಾಯಿಪಲ್ಯದ ತೋಟ ಮಾಡೋಕೆ! ಅವನು ಮೊದಲು ಕೇಳಿದ್ದು ನ್ಯಾಯವಾಗಿಯೇ ಇದೆ. ಬದಲಿಗೆ ಬೇರೆ ತೋಟ ಕೊಡ್ತೀನಿ, ಇಲ್ಲಾಂದ್ರೆ ಹಣ ಕೊಡ್ತೀನಿ ಅಂದ. ನಾಬೋತ ಹೇಳಿದ್ದು, ಇದು ನನ್ನ ಪಿತೃಗಳಿಂದ ಬಂದ ಸ್ವಾಸ್ತ್ಯ, ಕೊಡಲ್ಲ ಅಂತ. ಅಹಾಬನ ಕಣ್ಣಿಗೆ ಅದು ಅನುಕೂಲವಾದ ಒಂದು ಸೈಟ್. ನಾಬೋತನ ಕಣ್ಣಿಗೆ ಅದು ಅಪ್ಪ, ತಾತ, ಮುತ್ತಾತ. ಆ ವ್ಯತ್ಯಾಸ ಅಹಾಬನಿಗೆ ಕಾಣಲೇ ಇಲ್ಲ. ಕಾಣದ್ದರಿಂದಲೇ ಮುಂದೆ ಈಜೆಬೆಲಳ ಕುತಂತ್ರ, ಸುಳ್ಳು ಸಾಕ್ಷಿ, ರಕ್ತ ಎಲ್ಲ ಬಂತು. ನಾನು ಅಹಾಬನಷ್ಟು ದೊಡ್ಡ ಪಾಪ ಮಾಡಲಿಲ್ಲ ಅಂತ ಹೇಳಿ ತಪ್ಪಿಸ್ಕೋಬಹುದು. ಆದರೆ ಶುರುವಾಗೋ ಜಾಗ ಒಂದೇ. ನನ್ನ ಕಣ್ಣಿಗೆ ಖಾಲಿ ಕಂಡದ್ದು ಖಾಲಿ ಅಂತ ತೀರ್ಮಾನ ಮಾಡೋದು.

ಒಂದು ವಾರ ಬಿಟ್ಟು ಅಮ್ಮನ ಮಗನ ಫ್ಲ್ಯಾಟಿಗೆ ಹೋದೆ. ಹೋಗೋಕೆ ಮುಂಚೆ ಮನಸ್ಸಲ್ಲಿ ವಕೀಲರ ಹಾಗೆ ವಾದ ತಯಾರು ಮಾಡ್ಕೊಂಡಿದ್ದೆ. ಚಳಿಗಾಲದಲ್ಲಿ ಕಾಣಲ್ಲ, ಆಳು ಕಾಡೀರುಳ್ಳಿ ಅಂದ, ಹೀಗೆ. ಅಮ್ಮ ನೀರು ಕೊಟ್ಟು, ನನ್ನ ಮುಖ ನೋಡಿ ಅವರೇ ಹೇಳಿದರು: "ಗೊತ್ತಿಲ್ದೆ ಮಾಡಿದ್ದು ಅಲ್ವಾ, ಹೋಗ್ಲಿ ಬಿಡಿ." ನನ್ನ ವಾದವನ್ನ ಅವರೇ ನನ್ನ ಪರವಾಗಿ ಹೇಳಿಬಿಟ್ಟರು. ಒಪ್ಪಿಕೊಂಡು ಎದ್ದು ಬರಬಹುದಿತ್ತು. ಆದರೆ ಪವಿತ್ರಾತ್ಮನು ಬಿಡಲಿಲ್ಲ. "ಗೊತ್ತಿಲ್ದೆ ಮಾಡಿದ್ದಲ್ಲ ಅಮ್ಮ. ಕೇಳ್ದೆ ಮಾಡಿದ್ದು" ಅಂದೆ.

ಈ ಎರಡಕ್ಕೂ ತುಂಬಾ ವ್ಯತ್ಯಾಸ ಇದೆ, ಯೌವನಸ್ಥರೇ. ಗೊತ್ತಿಲ್ಲದಿರೋದು ತಪ್ಪಲ್ಲ, ಎಲ್ಲರಿಗೂ ಎಲ್ಲ ಗೊತ್ತಿರಲ್ಲ. ಆದರೆ ಆ ಅಮ್ಮನ ನಂಬರ್ ನನ್ನ ಫೋನಿನಲ್ಲಿತ್ತು. ಸುತ್ತ ಇಟ್ಟಿಗೆ ನೆಟ್ಟಿದ್ದು ಕಣ್ಣಿಗೆ ಕಾಣ್ತಿತ್ತು, ಯಾರೋ ಏನನ್ನೋ ಕಾಪಾಡಿದ್ದಾರೆ ಅಂತ ಇಟ್ಟಿಗೆಯೇ ಹೇಳ್ತಿತ್ತು. ಒಂದು ಕರೆ, ಎರಡು ನಿಮಿಷ. ನಾನು ಯಾಕೆ ಕೇಳಲಿಲ್ಲ? ಕೇಳಿದ್ದರೆ ಬೇಡ ಅನ್ನಬಹುದಿತ್ತು. ನನಗೆ ಬೆಂಚ್ ಬೇಕಿತ್ತು. ನಮ್ಮ ಎಷ್ಟೋ ಅಜ್ಞಾನ ನಾವೇ ಇಟ್ಕೊಂಡಿರೋದು, ನಮಗೆ ಅನುಕೂಲ ಅಂತ.

ಆವತ್ತು ಬರುವಾಗ ಅಮ್ಮ ಲಿಫ್ಟಿನವರೆಗೆ ಬಂದರು. "ಬೀದಿಯಲ್ಲಿ ತುಂಬಾ ಜನಕ್ಕೆ ಮರಿ ಕೊಟ್ಟಿದ್ದೀನಿ, ಕೇಳಿ ನೋಡಿ" ಅಂದರು.

ಅಲ್ಲಿಂದ ನಿಜವಾದ ತೋಟದ ಕೆಲಸ ಶುರುವಾಯ್ತು ಅಂತ ನಾನು ಹೇಳ್ತೀನಿ. ಐದು ತಿಂಗಳಿಂದ ಆ ಬೀದಿಯಲ್ಲಿದ್ದೆ, ಎದುರು ಮನೆ ಬಿಟ್ಟು ಯಾರ ಹೆಸರೂ ಗೊತ್ತಿರಲಿಲ್ಲ. ಪಾಸ್ಟರ್ ನಾನು! ಊರಿಗೆಲ್ಲ ಸುವಾರ್ತೆ ಹೇಳೋನು! ಈಗ ಒಂದೊಂದೇ ಗೇಟು ತಟ್ಟಿದೆ, ಕರಪತ್ರ ಹಿಡ್ಕೊಂಡು ಅಲ್ಲ, ಖಾಲಿ ಬುಟ್ಟಿ ಹಿಡ್ಕೊಂಡು. "ಆ ಅಮ್ಮ ನಿಮಗೆ ಲಿಲ್ಲಿ ಗೆಡ್ಡೆ ಕೊಟ್ಟಿದ್ದರಂತೆ. ನನ್ನ ತಪ್ಪಿನಿಂದ ಅವರದು ಹೋಯ್ತು. ಒಂದು ಕೊಡ್ತೀರಾ?" ಕೊಡೋನಾಗಿ ಗೇಟು ತಟ್ಟೋದು ಸುಲಭ. ತಪ್ಪು ಮಾಡಿ ಕೇಳೋನಾಗಿ ನಿಲ್ಲೋದು ಬೇರೆ. ಆದರೆ ಎಲ್ಲ ಗೇಟೂ ತೆರೀತು. ಮೂಲೆ ಮನೆ ಟೈಲರ್ ಎರಡು ಕೊಟ್ಟರು, ಜೊತೆಗೆ ಕನಕಾಂಬರದ ಸಸಿ ಕೊಟ್ಟರು. ಮಸೀದಿ ರಸ್ತೆ ಕಡೆಯ ಅಜ್ಜ ತಮ್ಮ ಕುಂಡದಲ್ಲಿದ್ದ ಒಂದೇ ಒಂದು ಗೆಡ್ಡೆಯ ಮರಿ ಬಿಡಿಸಿ ಕೊಟ್ಟರು. ಎದುರು ಮನೆ ಆಂಟಿ ನಾಲ್ಕು ಕೊಟ್ಟರು. ಒಟ್ಟು ಏಳು. ಎಲ್ಲವೂ ಆ ಮೊದಲ ಮೂರು ಗೆಡ್ಡೆಗಳ ಸಂತಾನ.

ಯೋಚಿಸಿ ನೋಡಿ. ಅಮ್ಮ ತಮ್ಮ ಕಾಂಪೌಂಡ್ ಒಳಗೆ ಕಾಪಾಡಿಕೊಂಡದ್ದನ್ನ ನಾನು ಎರಡು ದಿನದಲ್ಲಿ ಮುಗಿಸಿದೆ. ಅವರು ಕೊಟ್ಟುಬಿಟ್ಟದ್ದು ಮಾತ್ರ ಉಳಿದಿತ್ತು.

ಬೆಂಗಳೂರಿನವರಾದ ನಮಗೆ ಇದು ಹೊಸದಾಗಿರಬಾರದು. ಈ ಊರೇ ನಾವು ನೆಡದ ತೋಟ. ಲಾಲ್‌ಬಾಗ್ ಶುರು ಮಾಡಿದ್ದು ಹೈದರಾಲಿ, 1760ರಲ್ಲಿ. ಬೆಳೆಸಿದ್ದು ಟಿಪ್ಪು. 1799ರಲ್ಲಿ ಟಿಪ್ಪು ಸತ್ತ, ರಾಜ್ಯ ಕೈ ಬದಲಾಯ್ತು. ಗೆದ್ದವರು ಶತ್ರುವಿನ ತೋಟ ಅಂತ ಅದನ್ನ ಉಳುಮೆ ಮಾಡಿಸಲಿಲ್ಲ, ಮುಂದುವರಿಸಿದರು. ಗಾಜಿನ ಮನೆ ಬಂದಿದ್ದು ಅವರ ಕಾಲದಲ್ಲಿ. ಆಮೇಲೆ 1908ರಲ್ಲಿ ಜರ್ಮನಿಯವರಾದ ಕ್ರುಂಬಿಗಲ್ ಬಂದರು. ಒಂದು ಜಾತಿಯ ಹೂ ಮುಗಿಯೋ ಹೊತ್ತಿಗೆ ಇನ್ನೊಂದು ಜಾತಿ ಅರಳೋ ಹಾಗೆ ಈ ಊರಿನ ಬೀದಿಮರಗಳನ್ನ ಯೋಜನೆ ಮಾಡಿದವರು ಅವರು. ಇದೇ ಊರಲ್ಲಿ 1956ರಲ್ಲಿ ತೀರಿಕೊಂಡರು, ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ನೀವು ಆಫೀಸಿಗೆ ಹೋಗುವಾಗ ಸಿಗ್ನಲ್‌ನಲ್ಲಿ ನಿಂತು ಫೋಟೋ ತೆಗೆಯೋ ನೇರಳೆ ಜಕರಂಡ ನಿಮ್ಮದೂ ಅಲ್ಲ, ನನ್ನದೂ ಅಲ್ಲ. ಅದರ ಊರು ದಕ್ಷಿಣ ಅಮೆರಿಕ. ಯಾರೋ ತಂದರು, ಯಾರೋ ನೆಟ್ಟರು, ಯಾರೋ ಕಡಿಯದೆ ಬಿಟ್ಟರು. ಆ ಮೂರನೆಯವರನ್ನ ನಾವು ನೆನೆಸೋದೇ ಇಲ್ಲ. ಕಡಿಯದೆ ಬಿಟ್ಟವರು!

ಈಗ ನಿಮ್ಮ ಜೀವನಕ್ಕೆ ಬರೋಣ.

ನಿಮ್ಮಲ್ಲಿ ಎಷ್ಟೋ ಜನ ಕಳೆದ ಎರಡು ಮೂರು ವರ್ಷದಲ್ಲಿ ಕರ್ತನನ್ನು ತಿಳಿದವರು. ದೀಕ್ಷಾಸ್ನಾನ ಆಗಿದೆ, ಜೀವನ ಬದಲಾಗಿದೆ, ಸ್ತೋತ್ರ. ಹಳೇದು ಹೋಯ್ತು, ಎಲ್ಲ ಹೊಸದಾಯ್ತು ಅಂತ ಪೌಲನು ಹೇಳಿದ್ದನ್ನ ನೀವು ನಂಬಿದ್ದೀರಿ, ನಾನೂ ನಂಬಿದ್ದೀನಿ. ಆದರೆ ಕೆಲವರು ಆ ಮಾತು ಹಿಡ್ಕೊಂಡು ಗುದ್ದಲಿ ಎತ್ತಿದ್ದೀರಿ. ಊರಿಗೆ ಹೋಗೋದು ನಿಲ್ಲಿಸಿದ್ದೀರಿ. ಅಜ್ಜಿ ಜೊತೆ ಮಾತು ಬಿಟ್ಟಿದ್ದೀರಿ, ಅವರಿಗೆ ಇನ್ನೂ ಅರ್ಥವಾಗಿಲ್ಲ ಅಂತ. ಹತ್ತು ವರ್ಷದ ಸ್ನೇಹಿತನ ನಂಬರ್ ಡಿಲೀಟ್ ಮಾಡಿದ್ದೀರಿ. ಅಪ್ಪ ಕೈ ಹಿಡಿದು ಕಲಿಸಿದ ಮೃದಂಗ ಅಟ್ಟದ ಮೇಲಿದೆ.

ಕೇಳಿ, ಕೀಳಬೇಕಾದದ್ದು ಇದೆ. ನಮ್ಮ ತೋಟದ ಪಾರ್ಥೇನಿಯಂ ನಾನು ಒಂದು ದಿನವೂ ಬಿಡಲಿಲ್ಲ. ಅದು ಹೂ ಬಿಡೋಕೆ ಮುಂಚೆ, ಕೈಗೆ ಕವರ್ ಕಟ್ಕೊಂಡು ಬೇರು ಸಮೇತ ಕೀಳಬೇಕು. ಒಂದು ಗಿಡ ಸಾವಿರಾರು ಬೀಜ ಉದುರಿಸತ್ತೆ, ಮೈ ತುರಿಕೆ ಬರತ್ತೆ, ಉಬ್ಬಸ ಬರತ್ತೆ. ನಿನ್ನ ಜೀವನದಲ್ಲಿ ಕುಡಿತ ಇದ್ದರೆ, ಬೆಟ್ಟಿಂಗ್ ಆ್ಯಪ್ ಇದ್ದರೆ, ಒಬ್ಬ ಹುಡುಗಿಗೆ ಹೇಳಿದ ಸುಳ್ಳು ಇದ್ದರೆ, ಒಂದು ವರ್ಷ ಕಾದು ನೋಡ್ತೀನಿ ಪಾಸ್ಟರ್ ಅಂತ ಹೇಳ್ಬೇಡ. ಇವತ್ತೇ ಕಿತ್ತು ಹಾಕು. ಅದು ಏನು ಅಂತ ನಿನಗೆ ಚೆನ್ನಾಗಿ ಗೊತ್ತು.

ಹಾಗಾದರೆ ಯಾವುದನ್ನ ಕೀಳಬೇಕು, ಯಾವುದನ್ನ ಬಿಡಬೇಕು? ನಾನು ಕಲಿತ ಒಂದೇ ಒಂದು ಪರೀಕ್ಷೆ ಇದು. ಕೀಳೋಕೆ ಮುಂಚೆ ನಿನ್ನನ್ನೇ ಕೇಳ್ಕೋ: ಇದು ಕೆಟ್ಟದ್ದು ಅಂತ ನನಗೆ ಗೊತ್ತಿರೋದರಿಂದ ಕೀಳ್ತಿದ್ದೀನಾ, ಇಲ್ಲಾ ಇದು ಏನು ಅಂತ ನನಗೆ ಗೊತ್ತಿಲ್ಲದಿರೋದರಿಂದ ಕೀಳ್ತಿದ್ದೀನಾ? ಮೊದಲನೆಯದಾದರೆ ತಡ ಮಾಡಬೇಡ. ಎರಡನೆಯದಾದರೆ ಗುದ್ದಲಿ ಕೆಳಗಿಡು, ಹೋಗಿ ಯಾರನ್ನಾದರೂ ಕೇಳು.

ಲೂಕ 13ರಲ್ಲಿ ಒಂದು ಅಂಜೂರದ ಮರ ಇದೆ. ಮೂರು ವರ್ಷದಿಂದ ಹಣ್ಣಿಲ್ಲ. ಯಜಮಾನ ಕಡಿದುಹಾಕು ಅಂತಾನೆ. ತೋಟಗಾರ ಏನು ಹೇಳ್ತಾನೆ? ಇನ್ನೊಂದು ವರ್ಷ ಬಿಡಿ, ನಾನು ಸುತ್ತ ಅಗೆದು ಗೊಬ್ಬರ ಹಾಕ್ತೀನಿ ಅಂತ. ಸುಮ್ಮನೆ ಬಿಡಿ ಅಂತ ಹೇಳಲಿಲ್ಲ, ಗಮನಿಸಿ. ಕಾಯೋ ವರ್ಷದಲ್ಲಿ ದುಡೀತೀನಿ ಅಂದ. ಶಾಶ್ವತವಾಗಿ ಬಿಡಿ ಅಂತಲೂ ಹೇಳಲಿಲ್ಲ. ಆಮೇಲೂ ಹಣ್ಣು ಬರದಿದ್ದರೆ ಕಡಿಯಬಹುದು ಅಂತ ಒಪ್ಪಿಕೊಂಡ. ಹೊಸ ಮನೆಗೆ ಹೋದವರಿಗೆ ತೋಟ ಬಲ್ಲವರು ಹೇಳೋದೂ ಇದನ್ನೇ. ಮೊದಲ ವರ್ಷ ಕಳೆ ಕೀಳು, ನೀರು ಹಾಕು, ಗೊಬ್ಬರ ಹಾಕು, ಉಳಿದದ್ದನ್ನ ನೋಡು. ಎಲ್ಲ ಋತುಗಳೂ ಒಂದು ಸುತ್ತು ಬರಲಿ. ಯಾವ ಮಣ್ಣಲ್ಲಿ ಏನು ಮಲಗಿದೆ ಅಂತ ಆ ಮಣ್ಣೇ ಹೇಳತ್ತೆ.

ನಿಮ್ಮ ಅಜ್ಜಿಯನ್ನ ಒಂದು ಸುತ್ತು ನೋಡಿದ್ದೀರಾ? ಅವರು ಯಾಕೆ ಹಾಗೆ ಅಂತ ಕೇಳಿದ್ದೀರಾ? ಅವರ ಜೀವನದಲ್ಲಿ ಈಗ ಡಿಸೆಂಬರ್ ಇರಬಹುದು. ಮೇಲೆ ನಾಲ್ಕು ಒಣ ಎಲೆ ಮಾತ್ರ ಕಾಣಿಸ್ತಿರಬಹುದು.

ಇನ್ನೊಂದು ಮಾತು, ಬಾಡಿಗೆ ಮನೆಯವರಿಗೆ. "ಪಾಸ್ಟರ್, ಹನ್ನೊಂದು ತಿಂಗಳ ಅಗ್ರಿಮೆಂಟ್, ನಾನ್ಯಾಕೆ ಗಿಡ ಹಾಕಲಿ?" ಅಂತ ಒಬ್ಬ ಕೇಳಿದ. ಯೆರೆಮೀಯ 29 ಓದಿ. ಬಾಬೆಲಿಗೆ ಸೆರೆಯಾಗಿ ಹೋದವರಿಗೆ ಪ್ರವಾದಿ ಪತ್ರ ಬರೀತಾನೆ. ಅದು ಅವರ ಊರಲ್ಲ, ಅವರು ಬಯಸಿ ಹೋದ ಜಾಗವೂ ಅಲ್ಲ. ಆದರೂ ದೇವರು ಹೇಳಿಸಿದ್ದು, ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ ಅಂತ. ಮರಳೋಕೆ 70 ವರ್ಷ. ಅಂದ್ರೆ ಆ ಪತ್ರ ಕೇಳಿಸ್ಕೊಂಡ ಎಷ್ಟೋ ಜನ ನೆಟ್ಟ ಮರ ಬೇರೆಯವರ ಪಾಲಾಗತ್ತೆ. ಆಗಲಿ! ನೀನು ಬಿಟ್ಟು ಹೋಗೋ ಬಾಲ್ಕನಿಯಲ್ಲಿ ಒಂದು ಮಲ್ಲಿಗೆ ಬಿಟ್ಟು ಹೋಗು. ಮುಂದೆ ಬರೋ ಹುಡುಗಿ ಯಾರೋ, ಯಾವ ಊರಿನವಳೋ, ರಾತ್ರಿ ಶಿಫ್ಟ್ ಮುಗಿಸಿ ಬಂದು ಬಾಗಿಲು ತೆಗೆದಾಗ ಅವಳಿಗೆ ಆ ವಾಸನೆ ಬರಲಿ.

ನಮ್ಮ ಮನೆ ವಿಷಯ ಮುಗಿಸ್ತೀನಿ. ಹೋದ ವರ್ಷ ಜೂನ್‌ನಲ್ಲಿ ಬೆಂಚ್ ತೆಗೆದು, ಕಲ್ಲು ಎಬ್ಬಿಸಿ, ಆ ಏಳು ಗೆಡ್ಡೆ ನೆಟ್ಟೆ. ಜಾಗ ಬದಲಾದ ಗೆಡ್ಡೆ ಕೆಲವು ಸಲ ಒಂದು ವರ್ಷ ಮುನಿಸಿಕೊಳ್ಳತ್ತೆ. ಈ ಮೇ ತಿಂಗಳಲ್ಲಿ ಮಳೆ ಬಿದ್ದ ಆರನೇ ದಿನ ಮೊದಲ ಕಡ್ಡಿ ಬಂತು. ಏಳರಲ್ಲಿ ನಾಲ್ಕು ಹೂ ಬಿಟ್ಟವು. ಅಮ್ಮನಿಗೆ ಫೋನ್ ಮಾಡಿದೆ, ಮಗ ಕಾರಿನಲ್ಲಿ ಕರ್ಕೊಂಡು ಬಂದ. ಎದುರು ಮನೆ ಆಂಟಿ, ಟೈಲರ್, ಅಜ್ಜ, ಎಲ್ಲ ಗೇಟಿನ ಹತ್ತಿರ ಸೇರಿದ್ದರು, ಗೃಹಪ್ರವೇಶದ ಹಾಗೆ.

ಅಮ್ಮ ಬಗ್ಗಿ ಬೆರಳು ಮಾಡಿ ಎಣಿಸಿದರು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಬೆರಳು ಹಾಗೇ ಗಾಳಿಯಲ್ಲಿ ನಿಂತಿತ್ತು, ಮುಂದಿನದು ಹುಡುಕೋ ಹಾಗೆ. ನಾಲ್ಕು 41 ಅಲ್ಲ, ಪ್ರಿಯರೇ. ದೇವರು ಕ್ಷಮಿಸ್ತಾನೆ, ಆ ಅಮ್ಮನೂ ಕ್ಷಮಿಸಿದರು. ಆದರೆ ನಾನು ಕಿತ್ತ 30 ವರ್ಷ ನನ್ನ ಪಶ್ಚಾತ್ತಾಪದಿಂದ ವಾಪಸ್ ಬರಲಿಲ್ಲ. ಇದನ್ನ ನಿಮಗೆ ಮುಚ್ಚಿಡೋದು ಸರಿಯಲ್ಲ. ಕ್ಷಮೆ ಸಿಗತ್ತೆ ಅಂತ ಕೀಳೋಕೆ ಹೋಗಬೇಡಿ.

ಅಮ್ಮ ಎದ್ದು ನಿಂತು ಸೀರೆ ಕೊಡವಿಕೊಂಡು ಹೇಳಿದರು, "ಮೊದಲನೇ ವರ್ಷ ನಮಗೂ ಎರಡೇ ಬಿಟ್ಟಿದ್ದು." ಅಷ್ಟು ಹೇಳಿ, ಕಾಫಿ ಕುಡಿದು, ಹೋಗುವಾಗ ಮಲ್ಲಿಗೆ ಒಂದು ಬೊಗಸೆ ತಗೊಂಡು ಹೋದರು.

ಆ ತೋಟ ನನ್ನದಲ್ಲ ಅಂತ ಗೊತ್ತಾದ ಮೇಲೆ ಅದರಲ್ಲಿ ದುಡಿಯೋ ಸಂತೋಷ ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಮುಂಚೆ ನಾನು ಮಾಡಿದ್ದನ್ನ ನೋಡಿ ಖುಷಿ ಪಡ್ತಿದ್ದೆ. ಈಗ ಬೆಳಗ್ಗೆ ಗುದ್ದಲಿ ಹಿಡಿದಾಗ ನನ್ನ ಮುಂಚೆ ಬಗ್ಗಿದವರ ಬೆನ್ನು ನೆನಪಾಗತ್ತೆ, ನನ್ನ ನಂತರ ಬರೋರ ಮುಖ ಕಾಣದಿದ್ದರೂ ನೆನಪಾಗತ್ತೆ. ಪುನರುತ್ಥಾನದ ಬೆಳಗ್ಗೆ ಮಗ್ದಲದ ಮರಿಯಳು ಕರ್ತನನ್ನು ನೋಡಿ ತೋಟಗಾರ ಅಂದ್ಕೊಂಡಳು. ಗುರುತು ತಪ್ಪಿತು ಅಂತ ನಾವು ಹೇಳ್ತೀವಿ. ನನಗೆ ಈಗ ಅದು ಅಷ್ಟು ತಪ್ಪು ಅಂತ ಅನ್ನಿಸಲ್ಲ.

ಈ ವಾರ ಒಂದು ಕೆಲಸ ಮಾಡಿ. ನೀವು ಕೀಳಬೇಕು ಅಂತ ತೀರ್ಮಾನ ಮಾಡಿರೋ ಒಂದು ಸಂಬಂಧದ ಬಗ್ಗೆ, ಒಂದು ಜಾಗದ ಬಗ್ಗೆ, ಅದನ್ನ ನೆಟ್ಟವರಿಗೆ ಒಂದು ಫೋನ್ ಮಾಡಿ. ಉಪದೇಶ ಮಾಡೋಕಲ್ಲ, ಕೇಳೋಕೆ.

ಎಲ್ಲರೂ ಎದ್ದು ನಿಲ್ಲಿ, ಕಣ್ಣು ಮುಚ್ಚೋಣ. ಕರ್ತನೇ, ನಾವು ನೆಡದ ತೋಟದಲ್ಲಿ ನಮ್ಮನ್ನು ತಂದು ಇಟ್ಟಿದ್ದೀಯ, ನಿನಗೆ ಸ್ತೋತ್ರ. ದುಡಿಯೋಕೆ ಕೈಗೆ ಬಲ ಕೊಡು. ಕೀಳೋಕೆ ಮುಂಚೆ ಕೇಳೋಕೆ ನಮಗೆ ದೀನತೆ ಕೊಡು. ನಾವು ಈಗಾಗಲೇ ಕಿತ್ತು ಹಾಕಿದ್ದಕ್ಕಾಗಿ ನಮ್ಮನ್ನು ಕ್ಷಮಿಸು, ಗೇಟು ತಟ್ಟೋ ಧೈರ್ಯ ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.